ಈರಣ್ಣನ ಬೋರ್ ಗಾಡಿ, ಗದಗದ ರೊಟ್ಟಿ ಮತ್ತು 2,900 ಕಿಲೋಮೀಟರ್ ಕೆಳಗಿನ ಉರಿ

ಇದನ್ನು ಪ್ರವಾಸ ಅನ್ನಬೇಕೋ ವಸೂಲಿ ಅನ್ನಬೇಕೋ ಗೊತ್ತಿಲ್ಲ. ನಮ್ಮ ಸೋದರಮಾವನ ಮಗ ಈರಣ್ಣ ಬೋರ್‌ವೆಲ್ ಗಾಡಿ ಇಟ್ಟಿದ್ದಾನೆ. ಗದಗ ಕಡೆಯ ಮೂರ್ನಾಲ್ಕು ಊರಲ್ಲಿ ಅವನಿಗೆ ಬಾಕಿ ಬರಬೇಕಿತ್ತು, ಸವಣೂರಿನ ಹತ್ತಿರ ಒಂದು ಹೊಸ ಪಾಯಿಂಟ್ ಇತ್ತು. "ಒಬ್ಬನ ಹೋಗಾಕ ಬ್ಯಾಸರಪಾ, ನೀನೂ ಬಾ. ಹೆಂಗೂ ಅಂಗಡ್ಯಾಗ ನೊಣಾ ಹೊಡ್ಯಾಕತ್ತಿ" ಅಂದ. ಮಾತು ನಿಜ. ನಾನು ಒಂದು ಕಾಲದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಎಂಎಸ್ಸಿ ಮಾಡಿದವನು, ಈಗ ಹುಬ್ಬಳ್ಳಿಯಲ್ಲಿ ಟೈಲ್ಸ್, ಗ್ರಾನೈಟ್ ಮಾರುತ್ತೇನೆ. ಪಕ್ಷಮಾಸದಲ್ಲಿ ಯಾರೂ ಮನೆ ಕೆಲಸ ಹಿಡಿಯಲ್ಲ, ಗಿರಾಕಿ ಇರಲ್ಲ. ಪಕ್ಷದಾಗ ಬೋರ್ ಹೊಡೆಸ್ತಾರೇನೋ ಅಂತ ಕೇಳಿದ್ದಕ್ಕೆ ಅವನು, "ಕೊಡಾ ಖಾಲಿ ಇದ್ದಾವ್ಗ ಯಾವ ಪಕ್ಷಪಾ" ಅಂದ.

ಹೀಗೆ ಮೂರು ದಿನ ಅವನ ಬೊಲೆರೋದಲ್ಲಿ ತಿರುಗಿದೆವು.

ಮೊದಲ ದಿನ: ಧಾರವಾಡ, ಹುಬ್ಬಳ್ಳಿ, ಗದಗ

ಧಾರವಾಡದಲ್ಲಿ ಬೆಳಿಗ್ಗೆ ಜಿಟಿ ಜಿಟಿ ಮಳೆ. ಬಾಕಿ ಕೇಳಲು ಹೋಗುವವನು ಬರಿಗೈಲಿ ಹೋಗಬಾರದು ಅನ್ನುವುದು ಈರಣ್ಣನ ಸಿದ್ಧಾಂತ, ಅದಕ್ಕೆ ನಾಲ್ಕು ಪೊಟ್ಟಣ ಪೇಡೆ ಕಟ್ಟಿಸಿದ. ಹುಬ್ಬಳ್ಳಿಯಲ್ಲಿ ಗಾಡಿ ನಿಲ್ಲಿಸಿ ಗಿರ್ಮಿಟ್ಟು, ಮಿರ್ಚಿ, ಚಾ. ಅಲ್ಲಿಂದ ಗದಗ 60 ಕಿ.ಮೀ. ಒಳಗೇ, ರಸ್ತೆ ಈಗ ಚೆನ್ನಾಗಿದೆ. ಹುಬ್ಬಳ್ಳಿ ದಾಟಿದ್ದೇ ಮಳೆ ನಿಂತಿತು. ಪಶ್ಚಿಮದ ಮೋಡ ಹಿಂದೆ ಉಳಿಯಿತು. ಎರಡೂ ಬದಿಗೆ ಎರೆ ಹೊಲ. ಹತ್ತಿ, ಮೆಣಸಿನ ಗಿಡ, ಅಲ್ಲಲ್ಲಿ ಕಿತ್ತು ರಾಶಿ ಹಾಕಿದ ಉಳ್ಳಾಗಡ್ಡಿ.

ಅಣ್ಣಿಗೇರಿ ಹತ್ತಿರ ಬರುವಾಗ ಈರಣ್ಣ ಮೊಬೈಲ್ ನನ್ನ ಕೈಗೆ ಕೊಟ್ಟು, "ಜಪಾನಿನಾಗ ಏನಾಗೇತಿ ನೋಡು" ಅಂದ. ನಮ್ಮ ಮನೆತನದ ಗ್ರೂಪಿನಲ್ಲಿ ಅವನೇ ಹಾಕಿದ್ದ ವಿಡಿಯೋ. ಕೆಂಪು ಲಾವಾ ಕಾರಂಜಿಯ ಹಾಗೆ ಚಿಮ್ಮುತ್ತಿದೆ, ಮೇಲೆ ಜಪಾನ್ ಅಂತ ಬರೆದಿದೆ. ನೋಡಿದ ಕೂಡಲೇ ಗೊತ್ತಾಯಿತು, ಅದು ಹವಾಯಿಯ ಕಿಲವೇಯಾ. 2024ರ ಡಿಸೆಂಬರ್‌ನಿಂದ ಅದು ಬಿಟ್ಟು ಬಿಟ್ಟು ಹೀಗೆ ಚಿಮ್ಮುತ್ತಿದೆ.

"ಎರಡೂ ಒಂದ ಅಲ್ಲೇನೋ, ಬೆಂಕಿ ಬೆಂಕೀನ" ಅಂದ.

ಅಲ್ಲ. ಅಲ್ಲಿಂದ ಶುರುವಾಯಿತು ನಮ್ಮ ಮಾತು, ಮೂರು ದಿನ ಮುಗಿಯಲಿಲ್ಲ. ಭೂಮಿಯ ಹೊರಪದರ ಒಂದೇ ತುಂಡಲ್ಲ. ಫಲಕಗಳಾಗಿ ಒಡೆದಿದೆ, ಅವು ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಂತೆ ಸರಿಯುತ್ತವೆ. ಜಪಾನ್, ಇಂಡೋನೇಷ್ಯಾ, ನಮ್ಮ ಅಂಡಮಾನಿನ ಬ್ಯಾರನ್ ದ್ವೀಪ, ಇಲ್ಲೆಲ್ಲ ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುತ್ತದೆ. ಅದರ ಜೊತೆ ನೀರೂ ಇಳಿಯುತ್ತದೆ, ಆ ನೀರು ಬಿಸಿ ಕಲ್ಲನ್ನು ಸುಲಭವಾಗಿ ಕರಗಿಸುತ್ತದೆ. ಅಂಚಿನಲ್ಲಿ ಜ್ವಾಲಾಮುಖಿ ಯಾಕೆ ಅನ್ನುವುದಕ್ಕೆ ಹೀಗೆ ಉತ್ತರ ಇದೆ. ಆದರೆ ಹವಾಯಿ ಇರುವುದು ಪೆಸಿಫಿಕ್ ಫಲಕದ ನಟ್ಟನಡುವೆ. ಹತ್ತಿರದ ಅಂಚಿಗೇ 3,200 ಕಿ.ಮೀ. ಜಾಸ್ತಿ ದೂರ. ಒಂದು ಫಲಕ ಇನ್ನೊಂದಕ್ಕೆ ತಾಗದ ಜಾಗದಲ್ಲಿ ಬೆಂಕಿ ಎಲ್ಲಿಂದ ಬಂತು?

"ನೀನ ಹೇಳಬೇಕು, ಎಂಎಸ್ಸಿ ಮಾಡಿದಾಂವ" ಅಂದ ಈರಣ್ಣ. ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಹುಲಕೋಟಿ ಬಂತು, ಅವನ ಮೊದಲನೇ ಬಾಕಿಯ ಮನೆ. ಪೇಡೆ ಒಳಗೆ ಹೋಯಿತು, ದುಡ್ಡು ಹೊರಗೆ ಬರಲಿಲ್ಲ.

ಗದಗದಲ್ಲಿ ಬಸ್ ಸ್ಟ್ಯಾಂಡ್ ಕಡೆ ಒಂದು ಲಾಡ್ಜ್ ಹಿಡಿದೆವು. ಬಿಸಿ ನೀರು ಬೆಳಿಗ್ಗೆ ಆರರಿಂದ ಎಂಟು ಮಾತ್ರ. ಇದನ್ನು ರೂಮ್ ಕೊಡುವಾಗ ಹೇಳಲ್ಲ, ನೀವೇ ಕೇಳಿಕೊಳ್ಳಬೇಕು. ಸಂಜೆ ವೀರನಾರಾಯಣ ಗುಡಿಗೆ ಹೋಗಿ, ಬರುವಾಗ ಬದನೆಕಾಯಿ ಭಜಿ ತಿಂದೆವು. ಗದಗಕ್ಕೆ ಬಂದವರು ಬರೀ ಮಿರ್ಚಿ ತಿಂದು ಹೋಗಬೇಡಿ. ಗುಂಡನೆಯ ಎಳೆ ಬದನೆಕಾಯಿಗೆ ಒಳಗೆ ಖಾರ ತುಂಬಿ ಕರಿಯುತ್ತಾರೆ, ಮೊದಲ ತುತ್ತಿಗೆ ಬಾಯಿ ಸುಡುವುದು ಗ್ಯಾರಂಟಿ.

ರಾತ್ರಿ ಊಟಕ್ಕೆ ಸಣ್ಣ ಖಾನಾವಳಿ. ಐದು ಟೇಬಲ್, ಅಡುಗೆ ಮನೆಗೂ ನಮಗೂ ನಡುವೆ ಅರ್ಧ ಗೋಡೆ. ಒಳಗೆ ಅಕ್ಕ ಒಬ್ಬರು ಜೋಳದ ರೊಟ್ಟಿ ಬಡಿಯುತ್ತಿದ್ದರು. ತವೆ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಸವರಿ, ತಿರುವಿ, ಕೊನೆಗೆ ತವೆ ಸರಿಸಿ ರೊಟ್ಟಿಯನ್ನು ನೇರ ಉರಿಗೆ ಹಿಡಿಯುತ್ತಿದ್ದರು. ಆ ಒಲೆಯ ಬರ್ನರಿನ ತೂತುಗಳು ಮುಚ್ಚಿಕೊಂಡಿದ್ದವೋ ಏನೋ, ಒಂದೇ ಕಡೆ ಉರಿ ನಾಲಗೆಯ ಹಾಗೆ ಎದ್ದಿತ್ತು. ಅಕ್ಕ ರೊಟ್ಟಿಯ ಅಂಚು ಬೆರಳಲ್ಲಿ ಹಿಡಿದು, ಆ ಉರಿಯ ಮೇಲೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋದರು. ಒಂದು ಕಡೆ ಉಬ್ಬುತ್ತದೆ, ಕಪ್ಪು ಚುಕ್ಕಿ ಬೀಳುತ್ತದೆ, ಸರಿಸುತ್ತಾರೆ, ಅದರ ಪಕ್ಕ ಇನ್ನೊಂದು. ನನ್ನ ತಾಟಿಗೆ ಬಿದ್ದ ರೊಟ್ಟಿ ಮೇಲೆ ಆರು ಚುಕ್ಕಿ, ಸಾಲಾಗಿ.

ಈರಣ್ಣನಿಗೆ ತೋರಿಸಿದೆ. ಇದೇ ಹವಾಯಿ.

1963ರಲ್ಲಿ ಕೆನಡಾದ ಭೂವಿಜ್ಞಾನಿ ಟುಜೋ ವಿಲ್ಸನ್ ಹೇಳಿದ್ದು ಇಷ್ಟೇ. ಹವಾಯಿ ದ್ವೀಪಗಳು ಒಂದು ಸಾಲಿನಲ್ಲಿವೆ. ಆಗ್ನೇಯದ ದೊಡ್ಡ ದ್ವೀಪ ಹೊಸದು, ಅಲ್ಲಿ ಇನ್ನೂ ಬೆಂಕಿ ಇದೆ. ವಾಯವ್ಯಕ್ಕೆ ಹೋದಂತೆ ಹಳೆಯವು. ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷ. ಅದರಾಚೆ ಸಮುದ್ರದಲ್ಲಿ ಮುಳುಗಿದ ಬೆಟ್ಟಗಳ ಸಾಲು ಸುಮಾರು 6,000 ಕಿ.ಮೀ. ತನಕ, ರಷ್ಯಾದ ಕಮ್ಚಾಟ್ಕಾ ಹತ್ತಿರ ಹೋಗುತ್ತದೆ. ಅಲ್ಲಿಯವು 8 ಕೋಟಿ ವರ್ಷದ ಆಸುಪಾಸಿನವು. ಉರಿ ಒಂದೇ ಕಡೆ ಇದೆ, ಮೇಲಿನ ಫಲಕ ಸರಿಯುತ್ತಿದೆ. ಆಮೇಲೆ 1971ರಲ್ಲಿ ಅಮೆರಿಕದ ಜೇಸನ್ ಮಾರ್ಗನ್ ಇನ್ನೂ ಕೆಳಗೆ ಹೋದರು. ಆ ಉರಿಗೆ ಕಾರಣ ಭೂಮಿಯ ಆಳದಿಂದ ಎದ್ದು ಬರುವ ಬಿಸಿ ಕಲ್ಲಿನ ಕಂಬ ಅಂದರು.

ಈರಣ್ಣ ರೊಟ್ಟಿ ತಿರುಗಿಸಿ ನೋಡಿದ. "ಹಂಗಾರ ಮೊದಲಿನ ಚುಕ್ಕಿ ಆರಿರಬೇಕು." ಹೌದು, ಆರಿವೆ. ಆರಿ ತಣ್ಣಗಾದ ಫಲಕ ಭಾರವಾಗಿ ಕುಗ್ಗುತ್ತದೆ, ಅದಕ್ಕೇ ಹಳೇ ದ್ವೀಪಗಳು ಮುಳುಗಿವೆ. ಆ ಸಾಲಿನಲ್ಲಿ ಒಂದು ಕಡೆ ಮೊಣಕೈ ಥರ ಬಾಗು ಇದೆ, ಸುಮಾರು 4.7 ಕೋಟಿ ವರ್ಷ ಹಿಂದಿನದು. "ಅಲ್ಲಿ ಅಕ್ಕಾರು ರೊಟ್ಟಿ ಹೊಳ್ಳಿಸ್ಯಾರ" ಅಂದ. ಅದೂ ಹೌದು, ಆದರೆ ಪೂರ್ತಿ ಅಲ್ಲ. ಆ ಕಾಲದಲ್ಲಿ ಕೆಳಗಿನ ಉರಿಯೂ ಒಂಚೂರು ದಕ್ಷಿಣಕ್ಕೆ ಸರಿದಿತ್ತು ಅಂತ ಆ ಮುಳುಗಿದ ಬೆಟ್ಟಗಳ ಕಲ್ಲಿನ ಕಾಂತ ಗುಣ ಅಳೆದವರು ತೋರಿಸಿದ್ದಾರೆ.

ಅಕ್ಕ ಒಳಗಿಂದ ಕೇಳಿದರು, "ರೊಟ್ಟಿ ಕರಕ ಆಗೇತೇನ್ರೀ? ಬ್ಯಾರೇ ಕೊಡ್ಲಿ?"

ಎರಡನೇ ದಿನ: ಲಕ್ಕುಂಡಿ, ಡಂಬಳ, ಕಪ್ಪತಗುಡ್ಡ, ಮತ್ತು ಎರೆ ಮಣ್ಣು

ಲಕ್ಕುಂಡಿಗೆ ಬೆಳಿಗ್ಗೆ ಎಂಟರೊಳಗೆ ಹೋಗಬೇಕು. ಗದಗದಿಂದ ಬರೀ 12 ಕಿ.ಮೀ. ಆಗ ಕಾಶಿವಿಶ್ವನಾಥ ಗುಡಿಯ ಬಾಗಿಲ ಕೆತ್ತನೆ ಮೇಲೆ ಬಿಸಿಲು ಅಡ್ಡ ಬೀಳುತ್ತದೆ, ಒಂದೊಂದು ಬಳ್ಳಿಯೂ ಎದ್ದು ಕಾಣುತ್ತದೆ. ಹತ್ತು ಗಂಟೆ ಆದಮೇಲೆ ಶಾಲೆ ಮಕ್ಕಳ ಬಸ್ಸು ಬರುತ್ತವೆ, ನಂತರ ಸುಮ್ನೆ ನಿಂತು ನೋಡಲು ಆಗಲ್ಲ.

ನಾನು ಹೋಗಿದ್ದು ಬ್ರಹ್ಮ ಜಿನಾಲಯ ನೋಡಲು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ. ಕಲ್ಲಿನವರಿಗೆ ಇದು ಬೇರೆ ಕಾರಣಕ್ಕೆ ಮುಖ್ಯ. ಅದಕ್ಕಿಂತ ಹಿಂದೆ ಬಾದಾಮಿ, ಪಟ್ಟದಕಲ್ಲಿನ ಕಡೆ ಮರಳುಗಲ್ಲಿನ ಗುಡಿಗಳು. ಇಲ್ಲಿ ಬಂದಿದ್ದು ಧಾರವಾಡ ಸೀಮೆಯ ನುಣುಪು ಹಸಿರು ಕಲ್ಲು, ಬಳಪದ ಕಲ್ಲಿನ ಜಾತಿಯದು. ಮೃದು, ಉಳಿ ಹೇಳಿದ ಹಾಗೆ ಕೇಳುತ್ತದೆ. ಇಂಥ ಹಸಿರು ಕಲ್ಲು ಹೆಚ್ಚಾಗಿ ಹಳೆಯ ಲಾವಾನೇ. ಒಂದು ಕಾಲದಲ್ಲಿ ಉಕ್ಕಿ ಹರಿದು, ಆಮೇಲೆ ಒತ್ತಡಕ್ಕೆ, ಬಿಸಿಗೆ, ನೀರಿಗೆ ಸಿಕ್ಕಿ ಬೇರೆ ರೂಪ ತಾಳಿದ್ದು.

ಗುಡಿ ನೋಡಿಕೊಳ್ಳುವ ಹಿರಿಯರೊಬ್ಬರು ಕಂಬದ ಪಕ್ಕ ಕೂತಿದ್ದರು. "ಎಲ್ಲಿಯವ್ರು ತಾವು?" ಅಂದರು. ಹುಬ್ಬಳ್ಳಿ ಅಂದೆ. ಕಂಬದ ಮೇಲೆ ಕೈ ಆಡಿಸಿ, "ಬೇಸಿಗ್ಯಾಗೂ ತಂಪ ಇರತೈತ್ರೀ ಇದು. ಮಧ್ಯಾಹ್ನ ಇಲ್ಲೇ ಬೆನ್ನ ಹಚ್ಚಿ ಕುಂದರತೀನಿ" ಅಂದರು. ನಾನೂ ಬೆನ್ನು ಹಚ್ಚಿ ಕೂತೆ. ನಿಜಕ್ಕೂ ತಂಪು. ಒಂದು ಕಾಲದ ಲಾವಾಗೆ ಬೆನ್ನು ಹಚ್ಚಿ ಕೂತಿದ್ದೇನೆ ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

ಡಂಬಳದ ದೊಡ್ಡಬಸಪ್ಪ ಗುಡಿಗೆ ಹತ್ತೇ ನಿಮಿಷ ಕೊಟ್ಟೆವು, ಈರಣ್ಣನಿಗೆ ಅವಸರ. ನಕ್ಷತ್ರದ ಹಾಗೆ 24 ಮೂಲೆಗಳ ಗುಡಿ ಅದು, ನೀವು ಹೋದರೆ ಹಾಗೆ ಮಾಡಬೇಡಿ.

ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತಿದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಈ ಗುಡ್ಡ ನೋಡಬೇಕು. ಬೇಸಿಗೆಯಲ್ಲಿ ಕಂದು ಬೋಳು ಗುಡ್ಡ, ಈಗ ಮೊಣಕಾಲೆತ್ತರ ಹುಲ್ಲು. 2019ರಲ್ಲಿ ಸುಮಾರು 244 ಚದರ ಕಿ.ಮೀ. ವನ್ಯಜೀವಿ ಧಾಮ ಅಂತ ಘೋಷಿಸಿದ್ದಾರೆ, ಹಾಗಾಗಿ ಎಲ್ಲೆಂದರಲ್ಲಿ ನುಗ್ಗುವ ಹಾಗಿಲ್ಲ. ಅರಣ್ಯದವರನ್ನು ಕೇಳಿ ಹೋಗಿ, ನೀರು ಒಯ್ಯಿರಿ, ಮೇಲೆ ಒಂದು ಅಂಗಡಿಯೂ ಇಲ್ಲ. ಗಾಳಿಗುಂಡಿ ಬಸವಣ್ಣನ ಹತ್ತಿರ ಟೋಪಿ ಕೈಯಲ್ಲೇ ಹಿಡಿಯಬೇಕು. ಸುತ್ತ ಗಾಳಿಯಂತ್ರಗಳ ರೆಕ್ಕೆ ಭೂಂ ಭೂಂ ಅನ್ನುತ್ತಿತ್ತು.

ಮೇಲಿಂದ ನೋಡಿದರೆ ಗುಡ್ಡದ ಸಾಲು ದಕ್ಷಿಣಕ್ಕೆ ಹೋಗುತ್ತದೆ. ಈ ಕಲ್ಲಿನ ಪಟ್ಟಿ ಗದಗದಲ್ಲಿ ಶುರುವಾಗಿ, ಚಿತ್ರದುರ್ಗದ ಮೇಲೆ ಹಾದು ಶ್ರೀರಂಗಪಟ್ಟಣದ ಕಡೆ ಮುಗಿಯುತ್ತದೆ, 400 ಕಿ.ಮೀ.ಗೂ ಉದ್ದ. 1880ರ ದಶಕದಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಇಂಥ ಪಟ್ಟಿಗಳಿಗೆ ನಮ್ಮ ಧಾರವಾಡದ ಹೆಸರನ್ನೇ ಇಟ್ಟ, ಇವತ್ತಿಗೂ ಪ್ರಪಂಚದ ಭೂವಿಜ್ಞಾನಿಗಳ ಬಾಯಲ್ಲಿ ಅದೇ ಹೆಸರು. ಇದರಲ್ಲಿ 260–270 ಕೋಟಿ ವರ್ಷ ಹಿಂದೆ ಸಮುದ್ರದಡಿ ಉಕ್ಕಿದ ಲಾವಾ ಇದೆ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ಅದು ನೀರಿಗೆ ಬಿದ್ದು ದಿಂಬಿನ ಆಕಾರದಲ್ಲಿ ಗಟ್ಟಿಯಾಗಿದ್ದನ್ನು ಹಾಗೇ ನೋಡಬಹುದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಈ ಹಳೇ ಬೆಂಕಿ ಆಳದ ಕಂಬದಿಂದ ಬಂತೋ, ಫಲಕಗಳ ಅಂಚಿನದೋ ಅಂತ ಇನ್ನೂ ಜಗಳ ನಡೆದಿದೆ.

ಇಳಿಯುವಾಗ ಈರಣ್ಣನಿಗೆ ಒಂದು ಫೋನ್ ಬಂತು. ಯಾವುದೋ ಹೊಲದಲ್ಲಿ ಬಾಕಿದಾರ ಸಿಕ್ಕಿದ್ದಾನಂತೆ. ಡಾಂಬರು ರಸ್ತೆ ಬಿಟ್ಟು ಹೊಲದ ದಾರಿಗೆ ಗಾಡಿ ತಿರುಗಿಸಿದ. ಹಿಂದಿನ ರಾತ್ರಿ ಮಳೆ ಆಗಿತ್ತು. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. ಇನ್ನೂರು ಗಜ ಹೋಗಿರಬಹುದು, ಗಾಡಿ ಸೊಂಟ ಮುರಿದ ಎತ್ತಿನ ಹಾಗೆ ಕೂತಿತು.

ಎರೆ ಮಣ್ಣಿನಲ್ಲಿ ಸಿಕ್ಕಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಲಿಗೆ ಮಣ್ಣು ಸುತ್ತಿಕೊಂಡು, ಮಡ್‌ಗಾರ್ಡ್ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಕೆಳಗಿಳಿದೆ. ಮೊದಲ ಹೆಜ್ಜೆಗೆ ಚಪ್ಪಲಿ ಕೆಳಗೆ ಒಂದು ಪದರ, ಎರಡನೇದಕ್ಕೆ ಇನ್ನೊಂದು, ಹತ್ತು ಹೆಜ್ಜೆಗೆ ನಾನು ನಾಲ್ಕು ಇಂಚು ಎತ್ತರವಾಗಿದ್ದೆ. ಕಡ್ಡಿಯಿಂದ ಕೆರೆದರೆ ಕಡ್ಡಿಗೆ ಅಂಟುತ್ತದೆ, ಕಡ್ಡಿಯನ್ನು ಬೆರಳಿಂದ ಒರೆಸಿದರೆ ಬೆರಳಿಗೆ. ಆಮೇಲೆ ಚಪ್ಪಲಿಯ ಅಂಗುಟವೇ ಕಿತ್ತು ಬಂತು.

ಶಾಲೆಯಲ್ಲಿ ಓದಿದ ನೆನಪು ಎಲ್ಲರಿಗೂ ಇರುತ್ತದೆ, ಕಪ್ಪು ಮಣ್ಣು ಅಂದರೆ ದಖ್ಖನ್ನಿನ ಲಾವಾ ಕೊಳೆತು ಆಗಿದ್ದು ಅಂತ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಅದು ಸರಿ. ಆದರೆ ಆ ಲಾವಾದ ದಕ್ಷಿಣದ ಅಂಚು ನಮಗಿಂತ ಉತ್ತರಕ್ಕೇ ನಿಲ್ಲುತ್ತದೆ. ಕಪ್ಪತಗುಡ್ಡದ ಸುತ್ತ ಇರುವ ಎರೆ ಇಲ್ಲಿನ ಹಳೇ ಕಲ್ಲು ಕೊಳೆತೇ ಆಗಿದ್ದು. ಹಿಗ್ಗಿ ಕುಗ್ಗುವ ಜೇಡಿ, ಸುಣ್ಣದಂಶ, ಕಡಿಮೆ ಮಳೆ ಇದ್ದರೆ ಬೇರೆ ಕಲ್ಲಿನಿಂದಲೂ ಎರೆ ಆಗುತ್ತದೆ.

ಟ್ರ್ಯಾಕ್ಟರ್ ಬರಲು ಒಂದೂವರೆ ತಾಸು ಆಯಿತು. ಬೇವಿನ ಮರದ ಬುಡದಲ್ಲಿ ಕೂತೆವು. ಬಾಕಿದಾರನೇ ಚಾ ತಂದ, ಪಾಪ. ಈಗ ಅವನ ಹತ್ತಿರ ದುಡ್ಡು ಕೇಳುವುದು ಹೇಗೆ ಅಂತ ಈರಣ್ಣ ನನ್ನ ಮುಖ ನೋಡಿದ.

ಹೊತ್ತು ಹೋಗಬೇಕಲ್ಲ, ಮತ್ತೆ ಅದೇ ಮಾತು. "ಕೆಳಗ ಬಿಸಿ ಕಲ್ಲಿನ ಕಂಬ ಐತಿ ಅಂತೀರಿ. ಎಷ್ಟ ಕೆಳಗ?"

2,900 ಕಿ.ಮೀ. ಅಂದೆ. ಭೂಮಿಯ ಕಬ್ಬಿಣದ ಗರ್ಭ ಶುರುವಾಗುವ ಜಾಗ.

ಅವನು ನಕ್ಕ. "ನಾ 900 ಅಡಿಗೆ ಹೋದರ ರೈತ ಅಳಾಕ ಶುರು ಮಾಡ್ತಾನ. ಯಾರರ ಕೊರದ ನೋಡ್ಯಾರೇನು?"

ಯಾರೂ ನೋಡಿಲ್ಲ. ಮನುಷ್ಯ ಕೊರೆದ ಅತಿ ಆಳದ ತೂತು ರಷ್ಯಾದ ಕೋಲಾದಲ್ಲಿದೆ, 12,262 ಮೀಟರ್. 1970ರಲ್ಲಿ ಶುರು ಮಾಡಿ ಸುಮಾರು ಇಪ್ಪತ್ತು ವರ್ಷ ಕೊರೆದರು. ಕೆಳಗೆ 180 ಡಿಗ್ರಿ ಬಿಸಿ, ಅಲ್ಲಿಗೆ ಕೈ ಬಿಟ್ಟರು. ಅಂದರೆ ಹನ್ನೆರಡು ಚಿಲ್ಲರೆ ಕಿಲೋಮೀಟರ್. ಉಳಿದದ್ದೆಲ್ಲ ಬೇರೆ ದಾರಿಯಿಂದ ತಿಳಿದದ್ದು.

"ಬ್ಯಾರೇ ದಾರಿ ಅಂದ್ರ?"

ನೀನು ಬೋರ್ ಹೊಡೆಯುವಾಗ ಕೆಳಗೆ ಏನಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ ಅಂತ ತಿರುಗಿ ಕೇಳಿದೆ. ಅವನು ಯೋಚಿಸಲೂ ಇಲ್ಲ. "ಸಪ್ಪಳದ ಮ್ಯಾಲ. ಗಟ್ಟಿ ಕಲ್ಲಿಗೆ ಹ್ಯಾಮರ್ ಟಣ್ ಅಂತೈತಿ. ಮೆತ್ತಗಿದ್ರ ಧಪ್."

ಅದೇ. ಎಲ್ಲೋ ದೊಡ್ಡ ಭೂಕಂಪ ಆದರೆ ಅದರ ಅಲೆ ಭೂಮಿಯ ಹೊಟ್ಟೆಯೊಳಗೆ ಹಾದು ಇನ್ನೊಂದು ಬದಿಗೆ ಬರುತ್ತದೆ. ಬಿಸಿ ಕಲ್ಲಿನಲ್ಲಿ ಅಲೆ ನಿಧಾನ, ತಣ್ಣಗಿನ ಕಲ್ಲಿನಲ್ಲಿ ಬೇಗ. ಲೋಕದ ತುಂಬ ಇಟ್ಟಿರುವ ಭೂಕಂಪ ಮಾಪಕಗಳಲ್ಲಿ ಯಾವ ಅಲೆ ಎಷ್ಟು ಸೆಕೆಂಡ್ ತಡವಾಗಿ ಬಂತು ಅಂತ ಲೆಕ್ಕ ಹಾಕಿ, ಸಿಟಿ ಸ್ಕ್ಯಾನ್ ಮಾಡಿದ ಹಾಗೆ ಒಳಗಿನ ಚಿತ್ರ ಬರೆಯುತ್ತಾರೆ. 2015ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ಕಾಟ್ ಫ್ರೆಂಚ್ ಮತ್ತು ಬಾರ್ಬರಾ ರೊಮಾನೋವಿಚ್ ಇಂಥ ಚಿತ್ರ ತೆಗೆದಾಗ, ಹವಾಯಿಯಂಥ ಹಲವು ಜಾಗಗಳ ಕೆಳಗೆ ಅಲೆ ನಿಧಾನವಾಗುವ ಕಂಬಗಳು ಗರ್ಭದ ಅಂಚಿನ ತನಕ ಇಳಿದಿದ್ದು ಕಂಡಿತು. ಮಾರ್ಗನ್ ಊಹಿಸಿದ್ದಕ್ಕಿಂತ ತುಂಬಾ ದಪ್ಪ, ನೂರಾರು ಕಿ.ಮೀ. ಅಗಲ.

"ಹಂಗಾರ ಕೆಳಗ ಎಲ್ಲಾ ಕರಗಿ ನೀರಾಗೇತಿ?"

ಇದು ಎಲ್ಲರೂ ತಪ್ಪು ತಿಳಿಯುವ ಜಾಗ. ಅಲ್ಲಿ ಇರುವುದು ಕಲ್ಲೇ, ಗಟ್ಟಿ. ಆದರೆ ಮಳೆಗಾಲದಲ್ಲಿ ಬೆಲ್ಲದ ಪೆಂಟಿ ಹೇಗೆ ಮೆಲ್ಲಗೆ ಕುಸಿದು ಆಕಾರ ಬಿಡುತ್ತೆ, ಹಾಗೆ. ಹೊಡೆದರೆ ಒಡೆಯುತ್ತದೆ, ಬಿಟ್ಟರೆ ಹರಿಯುತ್ತದೆ. ಹಾಗೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಏರಿ, ಮೇಲಿನ ನೂರು-ನೂರೈವತ್ತು ಕಿ.ಮೀ. ಒಳಗೆ ಬಂದಾಗ ಒತ್ತಡ ಇಳಿದು ಕರಗುತ್ತದೆ. ಹೊಸ ಬಿಸಿ ಬೇಕಿಲ್ಲ, ಒತ್ತಡ ಇಳಿದರೆ ಸಾಕು. ಕುಕ್ಕರಿನ ಸೀಟಿ ಎತ್ತಿದ ಕೂಡಲೇ ಒಳಗಿನ ನೀರು ಭುಸ್ ಅಂತ ಕುದಿದು ಆವಿಯಾಗಲ್ವಾ, ಆ ಥರ.

ಬಾಕಿದಾರ ಇಷ್ಟೂ ಹೊತ್ತು ಸುಮ್ಮನೆ ಕೇಳುತ್ತಿದ್ದವನು ಈಗ ಬಾಯಿ ಬಿಟ್ಟ. "ಎಲ್ಲಾ ಬೆಂಕೀನೂ ಅಷ್ಟ ಕೆಳಗಿಂದ ಬರತಾವೇನ್ರೀ? ನಮ್ಮಲ್ಲಿ ನೋಡ್ರಿ, ಬಾಜೂ ಹೊಲದಾಗ 90 ಅಡಿಗೆ ನೀರು. ನನಗ 620."

ನಾನು ಅವನ ಮುಖ ನೋಡಿದೆ. ಐವತ್ತು ವರ್ಷದಿಂದ ವಿಜ್ಞಾನಿಗಳು ಬಡಿದಾಡುತ್ತಿರುವ ಪ್ರಶ್ನೆ ಅದು. ಡಾನ್ ಆಂಡರ್ಸನ್ ಅನ್ನುವ ಅಮೆರಿಕದ ದೊಡ್ಡ ಭೂಭೌತ ವಿಜ್ಞಾನಿ ಕೊನೆತನಕ ಈ ಆಳದ ಕಂಬವನ್ನು ಒಪ್ಪಲಿಲ್ಲ. ಫಲಕ ಎಳೆದಾಡಿ ಬಿರುಕು ಬಿಟ್ಟರೆ ಸಾಕು, ಹತ್ತಿರದ ಕಲ್ಲೇ ಕರಗಿ ಬರುತ್ತೆ ಅನ್ನುವುದು ಅವರ ವಾದ. ಕೆಲವು ಕಡೆ ಅದು ನಿಜವೂ ಹೌದು. ಜಪಾನಿನ ಪೂರ್ವದ ಸಮುದ್ರತಳದಲ್ಲಿ ಪುಟ್ಟ ಪುಟ್ಟ ಜ್ವಾಲಾಮುಖಿಗಳಿವೆ, ಫಲಕ ಇಳಿಯುವ ಮೊದಲು ಬಾಗುತ್ತದಲ್ಲ, ಆ ಬಾಗಿದ ಬಿರುಕಲ್ಲಿ ಉಕ್ಕಿದವು. ಅವುಗಳ ಬೇರು ಆಳದಲ್ಲಿಲ್ಲ.

"ಹಂಗಾರ ಯಾವುದು ಆಳದ್ದು, ಯಾವುದು ಮ್ಯಾಲಿಂದು ಅಂತ ಹೆಂಗ ಗೊತ್ತಾಗ್ತದ?"

ಉತ್ತರ ಈರಣ್ಣನೇ ಕೊಟ್ಟ. "ಕುಡದ ನೋಡಬೇಕ್ಲೇ. ಮುಂಡರಗಿ ಕಡೆ ಆಳದ ನೀರು ಕುಡದ ಹಲ್ಲ ಕೆಂಪಾಗಿಲ್ಲೇನು ಮಂದೀವು?" ಅವನು ಹೇಳಿದ್ದು ಫ್ಲೋರೈಡ್. ನೀರು ಯಾವ ಕಲ್ಲಿನೊಳಗೆ ಎಷ್ಟು ಕಾಲ ಇತ್ತೋ ಅದರ ಗುಣ ಹೊತ್ತು ಬರುತ್ತದೆ. ಲಾವಾದ ಲೆಕ್ಕವೂ ಇದೇ, ಆದರೆ ಅಲ್ಲಿ ನೋಡುವುದು ಹೀಲಿಯಂ. ಹೀಲಿಯಂ ಎರಡು ಥರ. ಹೀಲಿಯಂ-4 ಯುರೇನಿಯಂ, ಥೋರಿಯಂ ಒಡೆದು ಇವತ್ತಿಗೂ ಹುಟ್ಟುತ್ತಲೇ ಇದೆ. ಹೀಲಿಯಂ-3 ಹೆಚ್ಚಾಗಿ ಭೂಮಿ ಹುಟ್ಟುವಾಗ ಒಳಗೆ ಸಿಕ್ಕಿಕೊಂಡಿದ್ದು. ಫಲಕಗಳು ಬೇರ್ಪಡುವ ನಡುಸಾಗರದ ಏಣುಗಳ ಲಾವಾದಲ್ಲಿ 3ರ ಪಾಲು ನಮ್ಮ ಗಾಳಿಯಲ್ಲಿ ಇರುವುದಕ್ಕಿಂತ ಸುಮಾರು 8 ಪಟ್ಟು. ಹವಾಯಿಯಲ್ಲಿ ಅದು 30 ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಇಷ್ಟು ಕಾಲ ಯಾರೂ ಕೈ ಹಾಕದ ಆಳದ ಉಗ್ರಾಣದಿಂದ ಬಂದದ್ದಕ್ಕೆ ಇದು ಗುರುತು ಅಂತ ಹೆಚ್ಚಿನವರು ಒಪ್ಪುತ್ತಾರೆ.

ಟ್ರ್ಯಾಕ್ಟರ್ ಬಂತು. ಹಗ್ಗ ಒಂದು ಸಲ ಹರಿಯಿತು, ಎರಡನೇ ಸಲಕ್ಕೆ ಗಾಡಿ ಎದ್ದಿತು. ಟ್ರ್ಯಾಕ್ಟರಿನವನಿಗೆ 500 ರೂಪಾಯಿ ಕೊಟ್ಟಿದ್ದು ಬಾಕಿದಾರನೇ, ಈರಣ್ಣನ ಕೈ ಹಿಡಿದು "ನೀವು ನಮ್ಮ ಹೊಲಕ್ಕ ಬಂದೀರಿ" ಅಂದ. ಬಾಕಿ ವಿಷಯ ದೀಪಾವಳಿಗೆ ಹೋಯಿತು.

ಮೂರನೇ ದಿನ: ಲಕ್ಷ್ಮೇಶ್ವರ, ಸವಣೂರು, ಮನೆ

ಗದಗದಿಂದ ಶಿರಹಟ್ಟಿ, ಲಕ್ಷ್ಮೇಶ್ವರ ಮೇಲೆ ಸವಣೂರು. ಹಾವೇರಿ ಜಿಲ್ಲೆಗೆ ಬಂದಂತೆ ಹಸಿರು ಜಾಸ್ತಿ, ಮೆಕ್ಕೆಜೋಳ ಆಳೆತ್ತರ. ದಾರಿಯಲ್ಲಿ ಮೊದಲ ರಾತ್ರಿ ಬಾಕಿ ಉಳಿದ ಒಂದು ವಿಷಯ ಹೇಳಿದೆ. ರೊಟ್ಟಿಯ ಚುಕ್ಕಿ ನಮ್ಮ ಮೇಲೂ ಬಿದ್ದಿದೆ.

ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರ್ ಪಕ್ಕ ರೀಯೂನಿಯನ್ ಅಂತ ಫ್ರಾನ್ಸಿನ ಒಂದು ಪುಟ್ಟ ದ್ವೀಪ ಇದೆ. ಅಲ್ಲಿನ ಪಿಟೋನ್ ದ ಲಾ ಫೂರ್ನೆಜ್ ಲೋಕದ ಅತಿ ಚುರುಕಿನ ಜ್ವಾಲಾಮುಖಿಗಳಲ್ಲಿ ಒಂದು. ಅಲ್ಲಿಂದ ಮಾರಿಷಸ್, ಚಾಗೋಸ್, ಮಾಲ್ಡೀವ್ಸ್, ಲಕ್ಷದ್ವೀಪ ಅಂತ ಹಿಂದಕ್ಕೆ ಬನ್ನಿ. ಒಂದೊಂದೂ ಹಿಂದಿನದಕ್ಕಿಂತ ಹಳೇದು. 1987ರಲ್ಲಿ ಹಡಗಿನಿಂದ ಸಮುದ್ರತಳ ಕೊರೆದು ಕಲ್ಲಿನ ವಯಸ್ಸು ನೋಡಿದಾಗ ಲೆಕ್ಕ ಕೂಡಿತು. ಆ ಸಾಲು ಬಂದು ಮುಟ್ಟುವುದು ಎಲ್ಲಿಗೆ ಗೊತ್ತಾ? ಸಹ್ಯಾದ್ರಿಗೆ. ಮಹಾಬಳೇಶ್ವರದ ಮೆಟ್ಟಿಲು ಮೆಟ್ಟಿಲಾದ ಕಪ್ಪು ಬೆಟ್ಟಗಳಿಗೆ. 6.6 ಕೋಟಿ ವರ್ಷ ಹಿಂದೆ ಭಾರತ ಆ ಉರಿಯ ಮೇಲೆ ಹಾದು ಹೋಗುತ್ತಿತ್ತು, ವರ್ಷಕ್ಕೆ 15 ಸೆಂ.ಮೀ.ಗೂ ಜಾಸ್ತಿ ವೇಗದಲ್ಲಿ. ಆಗ ಉಕ್ಕಿದ ಲಾವಾ ಇವತ್ತು ಉಳಿದಿರುವುದೇ 5 ಲಕ್ಷ ಚದರ ಕಿ.ಮೀ.

"ಹವಾಯ್ಯಾಗ ಸಣ್ಣ ಸಣ್ಣ ಚುಕ್ಕಿ, ನಮ್ಮಲ್ಲಿ ಯಾಕ ಇಷ್ಟು?" ಒಳ್ಳೇ ಪ್ರಶ್ನೆ. ಆಳದಿಂದ ಏಳುವ ಕಂಬ ಹೆಡೆ ಎತ್ತಿದ ನಾಗರ ಇದ್ದ ಹಾಗೆ ಅಂತ ಲೆಕ್ಕ. ಮುಂದೆ ಅಗಲ ಹೆಡೆ, ಹಿಂದೆ ಸಣ್ಣ ಮೈ. ಹೆಡೆ ಬಂದು ತಾಗಿದಾಗ ದಖ್ಖನ್. ಆಮೇಲೆ ಮೈ ಇದ್ದಷ್ಟು ಕಾಲ ದ್ವೀಪಗಳ ಸಾಲು.

ಸವಣೂರಿನಲ್ಲಿ ಮೊದಲು ಖಾರಾ ಕಟ್ಟಿಸಿದೆವು, ಎಲೆ ಕಟ್ಟು ತಗೊಂಡೆವು. ಆಮೇಲೆ ದೊಡ್ಡಹುಣಸೆ ಮರಗಳು. ಹೆಸರಿಗೆ ಹುಣಸೆ, ಮರ ಬೇರೆ. ಆಫ್ರಿಕಾದ ಬಾವೋಬಾಬ್. ಬೊಡ್ಡೆ ಸುತ್ತಲು ಹತ್ತು ಜನ ಕೈ ಹಿಡಿದರೂ ಸಾಲದೇನೋ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಉರುಳಿತ್ತು, ಎತ್ತಿ ಮತ್ತೆ ನಿಲ್ಲಿಸಿದ್ದಾರೆ. ಈರಣ್ಣ ಬೊಡ್ಡೆಯನ್ನು ಆನೆಗೆ ತಟ್ಟಿದ ಹಾಗೆ ತಟ್ಟಿದ.

ಆಫ್ರಿಕಾದ ಮರದ ಕೆಳಗೆ ನಿಂತು ಆಫ್ರಿಕಾದ ಮಾತೇ ಬಂತು. ಆ ಭೂಕಂಪದ ಚಿತ್ರಗಳಲ್ಲಿ 1980ರ ದಶಕದಿಂದಲೂ ಎರಡು ದೊಡ್ಡ ರಾಶಿಗಳು ಕಾಣುತ್ತಿವೆ. ಒಂದು ಆಫ್ರಿಕಾದ ಕೆಳಗೆ, ಇನ್ನೊಂದು ಪೆಸಿಫಿಕ್ ಕೆಳಗೆ. ಎರಡೂ ಗರ್ಭದ ಮೇಲೆ ಕೂತಿವೆ, ಸಾವಿರಾರು ಕಿ.ಮೀ. ಅಗಲ, ನೂರಾರು ಕಿ.ಮೀ. ಎತ್ತರ. ಅಲ್ಲಿ ಅಲೆ ನಿಧಾನ. ಬರೀ ಬಿಸಿಯೋ, ಕಲ್ಲಿನ ಜಾತಿಯೇ ಬೇರೆಯೋ ಅಂತ ವಾದ ಇದೆ. ಆದರೆ ದಖ್ಖನ್‌ನಂಥ ದೊಡ್ಡ ಲಾವಾ ಪ್ರದೇಶಗಳನ್ನು ಅವು ಹುಟ್ಟಿದ ಕಾಲದ ಜಾಗಕ್ಕೆ ಹಿಂದೆ ಸರಿಸಿ ನೋಡಿದರೆ, ಹೆಚ್ಚಿನವು ಈ ರಾಶಿಗಳ ಅಂಚಿನ ಮೇಲೇ ಬರುತ್ತವೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಇದರ ಕೆಲಸ ಆಗಿದೆ. ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರದಲ್ಲಿ ಗುರುತ್ವ ಕಡಿಮೆ ಇರುವ ಜಾಗ ಇದೆ, ಅಲ್ಲಿ ಸಮುದ್ರದ ಮಟ್ಟವೇ 106 ಮೀಟರ್ ತಗ್ಗು. ಆಫ್ರಿಕಾದ ರಾಶಿಯಿಂದ ಎದ್ದ ಬಿಸಿ ಕಲ್ಲು ಆ ಕಡೆ ಹರಡಿದ್ದೇ ಅದಕ್ಕೆ ಕಾರಣ ಅಂತ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ 2023ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು.

ಈರಣ್ಣ ಇಷ್ಟೆಲ್ಲ ಕೇಳಿಸಿಕೊಂಡನೋ ಇಲ್ಲವೋ, ಖಾರಾದ ಪೊಟ್ಟಣ ಅರ್ಧ ಖಾಲಿಯಾಗಿತ್ತು.

ಮಧ್ಯಾಹ್ನ ಪಾಯಿಂಟಿಗೆ ಹೋದೆವು. ಗಾಡಿ ಬೆಳಿಗ್ಗೆಯಿಂದಲೇ ಕೊರೆಯುತ್ತಿತ್ತು. ಕಂಪ್ರೆಸರಿನ ಸದ್ದಿಗೆ ಮಾತು ಕೇಳಲ್ಲ. ಮನೆ ಯಜಮಾನ ತೆಂಗಿನಕಾಯಿ ಹಿಡಿದು ಪಾಯಿಂಟ್ ಹಾಕಿಸಿದ್ದನಂತೆ. ನಾನು ಭೂವಿಜ್ಞಾನದವನಾಗಿ ಬಾಯಿ ಮುಚ್ಚಿಕೊಂಡು ನಿಂತೆ. ಬೂದು ಬಣ್ಣದ ಪುಡಿ ಮುಗಿಲಿಗೆ ಹಾರುತ್ತಿತ್ತು. 380 ಅಡಿಗೆ ಪುಡಿ ಹಸಿಯಾಯಿತು. 410ಕ್ಕೆ ನೀರು ಚಿಮ್ಮಿತು, ಎರಡು ಇಂಚು ಆಗಬಹುದು. ಮನೆಯ ಹೆಣ್ಣುಮಕ್ಕಳು ಅರಿಷಿಣ ಕುಂಕುಮ ತಂದರು. ಈರಣ್ಣ ಬೊಗಸೆಯಲ್ಲಿ ಹಿಡಿದು, ಒಂದು ಗುಟುಕು ಬಾಯಲ್ಲಿ ಆಡಿಸಿ, ಉಗುಳಿದ.

"ಸವಳ ಇಲ್ಲ. ಭಾಳ ಕೆಳಗಿಂದಲ್ಲ ಇದು, ಯಾವುದೋ ಕೆರೀ ಸೆಲಿ."

ರಾತ್ರಿ ಮನೆ ಮುಟ್ಟಿದಾಗ ಹತ್ತು ದಾಟಿತ್ತು. ಗಾಡಿಯ ಅಡಿ ಎರೆ ಮಣ್ಣು ಒಣಗಿ ಇಟ್ಟಿಗೆ ಆಗಿತ್ತು, ಸರ್ವಿಸಿನವನು ಎರಡು ಸಲದ ದುಡ್ಡು ಕೇಳಿದನಂತೆ. ಮಲಗುವ ಮೊದಲು ಮೊಬೈಲ್ ನೋಡಿದೆ. ಮನೆತನದ ಗ್ರೂಪಿನಲ್ಲಿ ಈರಣ್ಣ ಅದೇ ವಿಡಿಯೋ ಮತ್ತೆ ಹಾಕಿದ್ದ. ಕೆಳಗೆ ಬರೆದಿದ್ದ: "ಇದು ಜಪಾನ್ ಅಲ್ಲ. ಹವಾಯಿ. ಉರಿ ಅಲ್ಲೇ ಇರ್ತದ, ರೊಟ್ಟಿ ಸರೀತದ."

ಅತ್ತೆ ಉತ್ತರ ಹಾಕಿದ್ದರು: "ಯಾರ ಮನೀ ರೊಟ್ಟಿ? ನೀ ಊಟ ಮಾಡೀಯೋ ಇಲ್ಲೋ?"